ಕ್ರಿಯಾಟಿನಿನ್ ಸರಿಯಾಗಿಯೇ ಇದೆ, ಆದರೂ ಬಯಾಪ್ಸಿ ಏಕೆ?

ಪ್ರಶ್ನೆ: ತಮ್ಮನಿಗೆ ಅಮ್ಮನ ಕಿಡ್ನಿ ಕಸಿ ಮಾಡಿ ಮೂರು ತಿಂಗಳಾಗುತ್ತ ಬಂತು. ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಶ್ಮಲ, ಕಿಡ್ನಿ ಸೊರಗಿದರೆ ರಕ್ತದಲ್ಲಿ ಏರುತ್ತದೆ) 1.1ರಲ್ಲಿ ನಿಂತಿದೆ. ಆದರೂ ಮುಂದಿನ ವಾರ ಬಯಾಪ್ಸಿ, ಅಂದರೆ ಸೂಜಿಯಿಂದ ಕಿಡ್ನಿಯ ಚೂರು ತೆಗೆದು ಪರೀಕ್ಷೆ, ಎಂದಿದ್ದಾರೆ. ‘ಚೆನ್ನಾಗಿರಲಿ ಎಂದು ಕೊಟ್ಟೆ, ಅದಕ್ಕೆ ಸೂಜಿ ಚುಚ್ಚುವುದೇಕೆ?’ ಎನ್ನುತ್ತಿದ್ದಾರೆ ಅಮ್ಮ. ಮಾಡಿಸಿಕೊಂಡವರು ದಯವಿಟ್ಟು ಹೇಳಿ.

ಉತ್ತರ 1: ನಾನು ಎರಡು ಸಲ ಮಾಡಿಸಿಕೊಂಡಿದ್ದೇನೆ, ಮೂರನೆಯ ತಿಂಗಳಲ್ಲೊಮ್ಮೆ, ವರ್ಷ ತುಂಬಿದಾಗೊಮ್ಮೆ. ಮೊದಲ ಸಲ ನನ್ನ ಕ್ರಿಯಾಟಿನಿನ್ ಕೂಡ ಏರಿರಲಿಲ್ಲ. ಆದರೆ ಬಯಾಪ್ಸಿ ಚೂರಿನಲ್ಲಿ ಬಿಳಿ ರಕ್ತಕಣಗಳು ಮುತ್ತಿಕೊಂಡಿದ್ದವು. ಹೊಸ ಕಿಡ್ನಿ ತನ್ನದಲ್ಲವೆಂದು ದೇಹ ಒಳಗೊಳಗೇ ತಕರಾರು ತೆಗೆದಿತ್ತು, ರಕ್ತಪರೀಕ್ಷೆಗೆ ಅದರ ಸುಳಿವೇ ಸಿಕ್ಕಿರಲಿಲ್ಲ. ಕ್ರಿಯಾಟಿನಿನ್ ಏರುವ ಹೊತ್ತಿಗೆ ಕಿಡ್ನಿಗೆ ಅಷ್ಟಿಷ್ಟು ಪೆಟ್ಟು ಬಿದ್ದಾಗಿರುತ್ತದೆ ಎಂದರು ವೈದ್ಯರು. ಮೂರು ದಿನ ಮೀಥೈಲ್‌ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್‌ನ ಡ್ರಿಪ್ ಹಾಕಿ, ದೇಹ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಪ್ರಮಾಣ ಹೆಚ್ಚಿಸಿದರು. ಆ ಮೂರು ರಾತ್ರಿ ನಿದ್ದೆ ಹತ್ತಲಿಲ್ಲ, ಸಕ್ಕರೆಯೂ ಏರಿತು. ಎರಡನೆಯ ಬಯಾಪ್ಸಿಯಲ್ಲಿ ಉರಿಯೂತ ಇರಲಿಲ್ಲ.

ಇನ್ನು ಸೂಜಿಯ ವಿಷಯ. ಕಸಿ ಮಾಡಿದ ಕಿಡ್ನಿ ಇರುವುದು ಬೆನ್ನಿನ ಕಡೆಯಲ್ಲ, ಕೆಳಹೊಟ್ಟೆಯ ಪಕ್ಕದಲ್ಲಿ, ಚರ್ಮಕ್ಕೆ ಹತ್ತಿರವಾಗಿ. ಹಾಗಾಗಿ ಅಂಗಾತ ಮಲಗಿದರಾಯಿತು. ಅಲ್ಟ್ರಾಸೌಂಡ್‌ನಲ್ಲಿ ಜಾಗ ನೋಡಿ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ನನಗೆ ಉರಿದದ್ದು ಅದೊಂದೇ. ಆಮೇಲೆ ಸ್ಟೇಪ್ಲರ್ ಒತ್ತಿದಂತೆ ‘ಟಕ್’. ಬೆಚ್ಚಿಬೀಳದಿರಲಿ ಎಂದು ಆ ಸದ್ದನ್ನು ಮೊದಲೇ ಒಮ್ಮೆ ಕೇಳಿಸಿದ್ದರು. ಹೊರಬಂದದ್ದು ದಾರದ ತುಂಡಿನಷ್ಟು. ನಿಜವಾದ ಕಷ್ಟ ಆರು ಗಂಟೆ ಅಲ್ಲಾಡದೆ ಮಲಗುವುದು.

ವರದಿಯಲ್ಲಿ ‘ಬ್ಯಾನ್ಫ್’ ಎಂದು ಕಂಡರೆ ಹೊಸ ರೋಗವೆಂದು ಗಾಬರಿಯಾಗಬೇಡಿ, ನಾನಾಗಿದ್ದೆ! ಅದು ಕೆನಡಾದ ಒಂದು ಊರು. 1991ರಲ್ಲಿ ತಜ್ಞರು ಅಲ್ಲಿ ಸೇರಿ, ಕಸಿ ಕಿಡ್ನಿಯ ಬಯಾಪ್ಸಿಯನ್ನು ಓದಲು ಒಂದು ಕ್ರಮ ಹಾಕಿಕೊಟ್ಟರು. ಉರಿಯೂತ ಎಷ್ಟಿದೆ ಎಂಬುದಕ್ಕೆ 0ಯಿಂದ 3ರವರೆಗೆ ಅಂಕ.

ಉತ್ತರ 2: ನನ್ನ ಅನುಭವ ಅಷ್ಟು ಹಿತವಾಗಿರಲಿಲ್ಲ. ಸಂಜೆ ಮೂತ್ರ ಕೆಂಪಾಯಿತು, ರಕ್ತ ಹೆಪ್ಪುಗಟ್ಟಿ ಮೂತ್ರವೇ ಕಟ್ಟಿತು. ಕ್ಯಾತಿಟರ್ ಹಾಕಿ ಎರಡು ದಿನ ಇರಿಸಿಕೊಂಡರು. ಹೀಗಾಗುವುದು ಅಪರೂಪ, ಆದರೆ ಯಾರೂ ನನಗೆ ಮೊದಲೇ ಹೇಳಿರಲಿಲ್ಲ ಎಂಬ ಸಿಟ್ಟು ಈಗಲೂ ಇದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೋಗ್ರೆಲ್‌ನಂಥವು ನಡೆಯುತ್ತಿದ್ದರೆ ಈಗಲೇ ತಿಳಿಸಿ; ನೀವಾಗಿ ನಿಲ್ಲಿಸಬೇಡಿ. ಬಿಪಿ ಹಿಡಿತದಲ್ಲಿರಲಿ.

ಉತ್ತರ 3: ನನ್ನ ಮಗಳಿಗೆ ಹೀಗೆ ವಾಯಿದೆ ಹಾಕಿ ಬಯಾಪ್ಸಿ ಮಾಡಿಲ್ಲ. ಎಲ್ಲ ಕಡೆಯೂ ಈ ಪದ್ಧತಿ ಇಲ್ಲ, ತಜ್ಞರಲ್ಲೇ ಒಮ್ಮತವಿಲ್ಲ. ಅವಳಿಗೆ ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್, ಟ್ಯಾಕ್ರೋಲಿಮಸ್ ಮಟ್ಟ, ಕಸಿ ಕಿಡ್ನಿಯನ್ನು ಕಾಡಬಲ್ಲ ಬಿಕೆ ವೈರಸ್, ದಾನಿಯ ಕಿಡ್ನಿಯ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ನೋಡುತ್ತಾರೆ. ಏರುಪೇರಾದರೆ ಮಾತ್ರ ಸೂಜಿ. ‘ವರದಿಯಲ್ಲಿ ಏನಾದರೂ ಕಂಡರೆ ಔಷಧಿ ಬದಲಿಸುತ್ತೀರಾ?’ ಎಂದು ಕೇಳಿ ನೋಡಿ. ಬದಲಿಸುವುದಿಲ್ಲ ಎಂದಾದರೆ ನಾನಂತೂ ಒಪ್ಪುವುದಿಲ್ಲ.

ಕೇಳಿದವರು: ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಸ್ಟೇಪ್ಲರ್ ಸದ್ದಿಗೆ ಮುಖ ಕಿವುಚಿದರು, ‘ಒಳಗೊಳಗೇ ತಕರಾರು’ ಎಂಬುದನ್ನು ಮಾತ್ರ ಮತ್ತೊಮ್ಮೆ ಓದಿಸಿಕೊಂಡರು. ತಮ್ಮ ಆಸ್ಪಿರಿನ್ ನುಂಗುತ್ತಿರುವುದು ನಿಜ. ವೈದ್ಯರಿಗೆ ಈಗಲೇ ಫೋನ್ ಮಾಡುತ್ತೇನೆ.