ನೆಟ್ ತೆಗೆದ ಮೇಲೆ ಟೊಮೆಟೊ ಸಸಿಯ ಎಫ್‌ವಿ/ಎಫ್‌ಎಂ 0.62: ಎಲೆ ಕೆಟ್ಟಿದೆಯಾ, ತಡ್ಕೊಂಡಿದೆಯಾ?

ಚಿಂತಾಮಣಿ_ಸಸಿಮನೆ
ಶೇ. 50ರ ಶೇಡ್ ನೆಟ್ ಕೆಳಗೆ ಬೆಳೆದ 25 ದಿನದ ಟೊಮೆಟೊ ಸಸಿ, ಪ್ರೋಟ್ರೇನಲ್ಲಿವೆ. ನೆಟ್ ಪೂರ್ತಿ ತೆಗೆದ ಎರಡನೇ ದಿನ ಮಧ್ಯಾಹ್ನ 1 ಗಂಟೆಗೆ ಫ್ಲೋರೆಸೆನ್ಸ್ ಮೀಟರ್‌ನಲ್ಲಿ ಎಫ್‌ವಿ/ಎಫ್‌ಎಂ (ಬೆಳಕನ್ನು ಬಳಸುವ ಎಲೆಯ ಸಾಮರ್ಥ್ಯದ ಅಳತೆ) 0.62 ಬಂತು. ನೆಟ್ ಒಳಗಿನವಕ್ಕೆ 0.81. ಎಲೆಗೆ ಬೆಳಕು ತಡೆಯುವ ಕ್ಲಿಪ್ ಹಾಕಿ 10 ನಿಮಿಷ ಬಿಟ್ಟು ಅಳೆದದ್ದು. ಎಲೆ ಬಾಡಿಲ್ಲ, ಬಣ್ಣ ಮಾತ್ರ ಚೂರು ತೆಳುವಾಗಿದೆ. ಬಿಸಿಲು ಜಾಸ್ತಿಯಾದರೆ ದ್ಯುತಿಸಂಶ್ಲೇಷಣೆಯೂ ಜಾಸ್ತಿಯಾಗಬೇಕಲ್ಲವಾ? ಈ ಸಸಿ ನಾಟಿಗೆ ಕೊಡಬಹುದಾ? ಪಕ್ಕದ ಹೊಲದ ರಾಗಿಗೆ ಇದೇ ಬಿಸಿಲಲ್ಲಿ ಏನೂ ಆಗಲ್ಲ, ಅದು ಯಾಕೆ?

ಎಲೆಲೆಕ್ಕ
ಆ ಒಂದು ಅಂಕಿಯಿಂದ ಏನೂ ತೀರ್ಮಾನ ಮಾಡಬೇಡಿ ಸರ್. 10 ನಿಮಿಷ ಸಾಲದು, 20ರಿಂದ 30 ನಿಮಿಷ ಕತ್ತಲು ಬೇಕು.

ಯಾಕೆ ಅಂದರೆ, ಟೊಮೆಟೊ ಎಲೆಗೆ ಉಪಯೋಗಕ್ಕೆ ಬರುವ ಬೆಳಕಿಗೆ ಮಿತಿ ಇದೆ. ನಡು ಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2000 ಮೈಕ್ರೋಮೋಲ್. ನೆರಳಲ್ಲಿ ಬೆಳೆದ ಎಲೆ ಅದರ ಅರ್ಧಕ್ಕೂ ಮೊದಲೇ ತುಂಬಿಹೋಗುತ್ತದೆ. ಪತ್ರಹರಿತ್ತು ಮಾತ್ರ ಬೆಳಕು ಹೀರುವುದನ್ನು ನಿಲ್ಲಿಸುವುದಿಲ್ಲ. ಆಗ ಥೈಲಕಾಯ್ಡ್ (ಪತ್ರಹರಿತ್ತು ಇರುವ ಪೊರೆಚೀಲ) ಒಳಗಿನ ಟೊಳ್ಳಾದ ಲ್ಯೂಮೆನ್‌ನಲ್ಲಿ ಪ್ರೋಟಾನ್ ತುಂಬಿ ಪಿಎಚ್ ಇಳಿಯುತ್ತದೆ. ಪಿಎಸ್‌ಬಿಎಸ್ ಎಂಬ ಪ್ರೋಟೀನ್ ಆ ಆಮ್ಲತೆಯನ್ನು ಹಿಡಿದು, ಹೆಚ್ಚಾದ ಶಕ್ತಿಯನ್ನು ಶಾಖವಾಗಿ ಹೊರಗೆ ಬಿಡಿಸುತ್ತದೆ. ಕೆರೆ ತುಂಬಿದರೆ ಕೋಡಿ ಹರಿದ ಹಾಗೆ. ಅದೇ ಆಮ್ಲತೆಗೆ ಇನ್ನೊಂದು ಕಿಣ್ವ ಚುರುಕಾಗಿ ವಯೊಲಾಕ್ಸಾಂಥಿನ್ ಎಂಬ ಹಳದಿ ವರ್ಣಕವನ್ನು ಝಿಯಾಕ್ಸಾಂಥಿನ್ ಮಾಡುತ್ತದೆ, ಕೋಡಿ ಇನ್ನೂ ಅಗಲವಾಗುತ್ತದೆ. ನೆರಳಿಗೆ ಬಂದ ಕೆಲವೇ ನಿಮಿಷದಲ್ಲಿ ಪಿಎಸ್‌ಬಿಎಸ್ ಭಾಗ ಸಡಿಲವಾಗುತ್ತದೆ. ಝಿಯಾಕ್ಸಾಂಥಿನ್ ವಾಪಸ್ ಹೋಗಲು ಅದಕ್ಕಿಂತ ಬಹಳ ಹೊತ್ತು ಬೇಕು. ನಿಮ್ಮ 0.62ರಲ್ಲಿ ಈ ರಕ್ಷಣೆಯ ಪಾಲು ಎಷ್ಟು, ನಿಜವಾದ ಹಾನಿ ಎಷ್ಟು ಎಂದು 10 ನಿಮಿಷದಲ್ಲಿ ಬೇರೆ ಮಾಡಲಾಗದು.

ಅದೇ ಎಲೆಗೆ ಗುರುತು ಹಾಕಿ, ನಾಳೆ ಸೂರ್ಯ ಹುಟ್ಟುವ ಮೊದಲು ಅಳೆಯಿರಿ. 0.78 ಮೇಲೆ ಬಂದರೆ ಸಸಿ ಚೆನ್ನಾಗಿದೆ. 0.75 ದಾಟದೇ ಇದ್ದರೆ ಬೆಳಕಿನ ಶಕ್ತಿಯಿಂದ ನೀರಿನ ಎಲೆಕ್ಟ್ರಾನ್ ಹೊರಡಿಸುವ ಎರಡನೇ ಫೋಟೋಸಿಸ್ಟಮ್‌ನ ಡಿ1 ಪ್ರೋಟೀನ್ ಒಡೆಯುವ ವೇಗಕ್ಕೆ ರಿಪೇರಿ ಸಾಲುತ್ತಿಲ್ಲ. ಮೀಟರ್ ಎಫ್‌0 (ಕತ್ತಲಲ್ಲಿಟ್ಟ ಎಲೆಯ ಕನಿಷ್ಠ ಫ್ಲೋರೆಸೆನ್ಸ್; ಎಫ್‌ಎಂ ಅದರ ಗರಿಷ್ಠ) ಬೇರೆಯಾಗಿ ತೋರಿಸಿದರೆ ಅದನ್ನೂ ಬರೆದುಕೊಳ್ಳಿ: ಎಫ್‌0, ಎಫ್‌ಎಂ ಎರಡೂ ಇಳಿದಿದ್ದರೆ ರಕ್ಷಣೆ, ಎಫ್‌0 ಏರಿದ್ದರೆ ಹಾನಿ. ಕ್ಲಿಪ್ ಬಿಸಿಲಲ್ಲಿ ಕಾದು ಎಲೆ ಬೇಯದಂತೆ ಬಿಳಿ ಕ್ಲಿಪ್ ಹಾಕಿ.

ಕೋಲಾರ_ಕ್ಲೋರೋ
ಮೇಲಿನವರು ಹೇಳಿದ್ದಕ್ಕೆ ಸೇರಿಸುವೆ. ರಿಪೇರಿಗೆ ಸಂಜೆಯ ಮಂದ ಬೆಳಕು ಒಳ್ಳೆಯದು, ಪೂರ್ತಿ ಕತ್ತಲಲ್ಲಿ ಅದು ನಿಧಾನ. ಮಧ್ಯಾಹ್ನ ಬಿಸಿಲು ತಿಂದ ಟ್ರೇಗಳನ್ನು ಗೋಡೌನ್ ಒಳಗೆ ಪೇರಿಸುವ ಬದಲು ಮತ್ತೆ ನೆಟ್ ಕೆಳಗೆ ಇಡಿ.

ಶಕ್ತಿಯ ಲೆಕ್ಕ ಇನ್ನೊಂದಿದೆ. ಒಂದು ಕಾರ್ಬನ್ ಡೈ ಆಕ್ಸೈಡ್ ಅಣು ಹಿಡಿಯಲು 3 ಎಟಿಪಿ (ಶಕ್ತಿ ಹೊರುವ ಅಣು), 2 ಎನ್‌ಎಡಿಪಿಎಚ್ (ಎಲೆಕ್ಟ್ರಾನ್ ಹೊರುವ ಅಣು) ಬೇಕು. ನೀರಿನಿಂದ ಹೊರಟ 4 ಎಲೆಕ್ಟ್ರಾನ್ ನೇರ ದಾರಿಯಲ್ಲಿ ಹೋದರೆ 2 ಎನ್‌ಎಡಿಪಿಎಚ್ ಸಿಗುತ್ತವೆ, ಲ್ಯೂಮೆನ್‌ಗೆ 12 ಪ್ರೋಟಾನ್ ಬೀಳುತ್ತವೆ. ಎಟಿಪಿ ತಯಾರಿಸುವ ಕಿಣ್ವವಾದ ಎಟಿಪಿ ಸಿಂಥೇಸ್‌ಗೆ 3 ಎಟಿಪಿಗೆ 14 ಪ್ರೋಟಾನ್ ಬೇಕು, ಹಾಗಾಗಿ ಸಿಗುವುದು 2.57 ಮಾತ್ರ. ಕೊರತೆ ತುಂಬಲು ಒಂದಿಷ್ಟು ಎಲೆಕ್ಟ್ರಾನ್ ಮೊದಲನೇ ಫೋಟೋಸಿಸ್ಟಮ್ ಸುತ್ತಲೇ ಚಕ್ರ ಹೊಡೆಯುತ್ತವೆ: ಎನ್‌ಎಡಿಪಿಎಚ್ ಇಲ್ಲ, ಪ್ರೋಟಾನ್ ಮಾತ್ರ. ಇದರಿಂದ ಲ್ಯೂಮೆನ್ ಆಮ್ಲವಾಗಿ ಉಳಿದು, ಕೋಡಿ ತೆರೆದಿರುವುದಕ್ಕೂ ಸಹಾಯ. ನೀರು ಸಾಲದೆ ಪತ್ರರಂಧ್ರ ಮುಚ್ಚಿದರೆ ಎನ್‌ಎಡಿಪಿಎಚ್ ಖರ್ಚಾಗದೆ ಎಲೆಕ್ಟ್ರಾನ್ ಸಾಗುವ ಇಡೀ ಸಾಲು ಕಟ್ಟಿಕೊಳ್ಳುತ್ತದೆ. ಸಸಿ ಗಟ್ಟಿ ಮಾಡುವ ನೆಪದಲ್ಲಿ ಒಂದೇ ದಿನ ನೆಟ್ಟೂ ತೆಗೆದು ನೀರೂ ನಿಲ್ಲಿಸುವುದು ಅದಕ್ಕೇ ದಡ್ಡತನ.

ರಾಗಿ ಸಿ4 ಗುಂಪಿನ ಬೆಳೆ. ರುಬಿಸ್ಕೋ (ಇಂಗಾಲ ಹಿಡಿಯುವ ಕಿಣ್ವ) ಸುತ್ತ ಕಾರ್ಬನ್ ಡೈ ಆಕ್ಸೈಡ್ ಒತ್ತಿಡುತ್ತದೆ, ಫೋಟೋರೆಸ್ಪಿರೇಷನ್ (ರುಬಿಸ್ಕೋ ತಪ್ಪಿ ಆಮ್ಲಜನಕ ಹಿಡಿಯುವುದು) ನಷ್ಟ ತೀರಾ ಕಡಿಮೆ, ಬೆಳಕಿಗೆ ಬೇಗ ತುಂಬಿಹೋಗುವುದಿಲ್ಲ. ಖರ್ಚು ಮಾತ್ರ ಅಣುವಿಗೆ ಕನಿಷ್ಠ 2 ಎಟಿಪಿ ಹೆಚ್ಚು. ಅಲ್ಲೂ ಕೋಡಿ ಇದ್ದೇ ಇದೆ, ಅಳೆದರೆ ಗೊತ್ತಾಗುತ್ತದೆ.

ತುಮಕೂರು_ತೋಟ
ಲೆಕ್ಕ ಸರಿ, ಕೆಲಸ ಹೀಗೆ ಮಾಡಿ. ನಾಟಿಗೆ 7ರಿಂದ 10 ದಿನ ಇರುವಾಗ ಶುರು. ಮೊದಲ ಮೂರು ದಿನ ಬೆಳಗ್ಗೆ 9ರವರೆಗೆ ನೆಟ್ ಸರಿಸಿ, ಆಮೇಲೆ ಮೂರು ದಿನ 11ರವರೆಗೆ, ಕೊನೆಗೆ ಇಡೀ ದಿನ. ನೆರಳಲ್ಲಿ ಬಿಚ್ಚಿದ ಎಲೆ ದಪ್ಪಗಾಗುವುದಿಲ್ಲ, ಅದರ ಕ್ಯಾರೊಟಿನಾಯ್ಡ್ (ಝಿಯಾಕ್ಸಾಂಥಿನ್ ತರದ ವರ್ಣಕ) ಪಾಲು ಮಾತ್ರ ಹೆಚ್ಚುತ್ತದೆ. ಗಟ್ಟಿ ಎಲೆ ಎಂದರೆ ಈ ದಿನಗಳಲ್ಲಿ ಹೊಸದಾಗಿ ಬಿಡುವ ಎಲೆ. ನಾಟಿ ಸಂಜೆ 4ರ ಮೇಲೆ.

ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ಬೆಳಗ್ಗೆ ಚಳಿ, ಮೇಲೆ ಮೋಡವಿಲ್ಲದ ಬಿಸಿಲು. ಚಳಿಗೆ ಕಿಣ್ವಗಳೂ ಡಿ1 ರಿಪೇರಿಯೂ ನಿಧಾನ, ಬೆಳಕು ಹೀರುವುದು ನಿಧಾನವಾಗಲ್ಲ. ಆಗ ಬೆಳಗಿನ ಬಿಸಿಲಿಗೆ ಬಿಡುವ ವೇಳಾಪಟ್ಟಿಯನ್ನು ಒಂದು ಗಂಟೆ ತಡವಾಗಿ ಶುರು ಮಾಡಿ.

ಚಿಂತಾಮಣಿ_ಸಸಿಮನೆ
ಬೆಳಗ್ಗೆ 5:30ಕ್ಕೆ ಅಳೆದೆ: 0.77. ಕೆಳಗಿನ ಹಳೇ ಎಲೆಗಳಲ್ಲಿ ನರ ಹಸಿರು, ನಡುವೆ ಹಳದಿ. ಅದೂ ಬಿಸಿಲಿನದೇನಾ?

ಎಲೆಲೆಕ್ಕ
0.77 ಗಡಿಯಲ್ಲಿದೆ. ಎರಡು ದಿನ ಮಧ್ಯಾಹ್ನ ನೆಟ್ ಹಾಕಿ ಮತ್ತೆ ಅಳೆಯಿರಿ. ಹಳೇ ಎಲೆಯ ನರಗಳ ನಡುವಿನ ಹಳದಿ ಮೆಗ್ನೀಷಿಯಂ ಕೊರತೆಯ ಗುರುತು, ಬಿಸಿಲು ಅದನ್ನು ಜೋರು ಮಾಡುತ್ತದೆ: ಎಲೆಯಿಂದ ಸಕ್ಕರೆ ಹೊರಗೆ ಹೋಗದೆ ಕಟ್ಟಿಕೊಂಡಾಗ ಬೆಳಕು ಇನ್ನೂ ಹೊರೆ. ಮೆಗ್ನೀಷಿಯಂ ಸಲ್ಫೇಟ್ ಲೀಟರಿಗೆ 5 ಗ್ರಾಂ, ಸಂಜೆ ಸಿಂಪಡಿಸಿ, ಒಂದು ವಾರ ಬಿಟ್ಟು ಇನ್ನೊಮ್ಮೆ. ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಒಂದೇ ಟ್ಯಾಂಕಿಗೆ ಹಾಕಬೇಡಿ, ಜಿಪ್ಸಂ ಆಗಿ ನಾಝಲ್ ಕಟ್ಟಿಕೊಳ್ಳುತ್ತದೆ.