ಗೋಮಾಳದ ಪಕ್ಕ ಮಣ್ಣಿನಡಿ ಬಿಳಿ ಉಂಡೆಗಳು, ಇವು ಎಲ್ಲಿಂದ ಬಂದವು?

ಸಿರಾ ಹೊಲ:
ನಮಸ್ಕಾರ. ಸಿರಾ ಹತ್ತಿರ ನಮ್ಮ ಹೊಲ, ಪಕ್ಕದಲ್ಲೇ ಹುಲ್ಲಿನ ಗೋಮಾಳ. ಕೃಷಿ ಹೊಂಡ ತೋಡಿಸುವಾಗ ಎರಡು ಅಡಿ ಕೆಳಗೆ ಬಿಳಿ ಉಂಡೆಗಳು ಶುರುವಾದವು. ಕಡಲೆಕಾಳಿನಷ್ಟು ಸಣ್ಣವೂ ಇವೆ, ನಿಂಬೆಹಣ್ಣಿನಷ್ಟು ದಪ್ಪದವೂ ಇವೆ, ಮೈಯೆಲ್ಲ ಗಂಟುಗಂಟು. ಒಡೆದರೆ ಒಳಗೆ ಬೂದು ಬಣ್ಣ, ಮಧ್ಯೆ ಮರಳಿನ ಕಾಳು, ಅಲ್ಲಲ್ಲಿ ಕಪ್ಪು ಚುಕ್ಕೆ. ಊರಲ್ಲಿ ಸುಣ್ಣಕಲ್ಲು ಅಂತಾರೆ. ಕೆಳಗೆ ಸುಣ್ಣದ ಬಂಡೆ ಇದೆಯಾ? ಹಿಂದೆ ಇಲ್ಲಿ ಸಮುದ್ರ ಇತ್ತು ಅಂತ ಜೆಸಿಬಿಯವರು ಹೇಳಿದರು, ನಿಜವಾ?

ಮಣ್ಣಿನ ಮೇಷ್ಟ್ರು:
ಸಮುದ್ರ ಬೇಕಿಲ್ಲ ಅಣ್ಣ, ಮಳೆ ಮತ್ತು ಬೇರು ಸಾಕು. ಹುಲ್ಲಿನ ಬೇರು, ಮಣ್ಣಿನ ಸೂಕ್ಷ್ಮಜೀವಿ ಎಲ್ಲ ಉಸಿರಾಡಿ ಮಣ್ಣಿನೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಹೊರಗಿನ ಗಾಳಿಗಿಂತ ಎಷ್ಟೋ ಪಟ್ಟು ಜಾಸ್ತಿ. ಮಳೆನೀರು ಅದನ್ನು ಹೀರಿ ಸ್ವಲ್ಪ ಹುಳಿಯಾಗುತ್ತದೆ. ನಮ್ಮ ಕಡೆಯ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಆ ನೀರಿಗೆ ಕರಗಿ ಕೆಳಗೆ ಇಳಿಯುತ್ತದೆ, ಗಾಳಿಯಲ್ಲಿ ಬಂದ ಧೂಳಿನಿಂದಲೂ ಒಂದಷ್ಟು ಸೇರುತ್ತದೆ. ಮಳೆ ನಿಂತ ಮೇಲೆ ಬೇರು ನೀರು ಎಳೆದುಕೊಳ್ಳುತ್ತದೆ, ಮಣ್ಣು ಒಣಗುತ್ತದೆ, ಆ ಇಂಗಾಲದ ಡೈಆಕ್ಸೈಡೂ ಹೊರಗೆ ಹೋಗುತ್ತದೆ. ಆಗ ಸುಣ್ಣ ಅಲ್ಲೇ ಕೂರುತ್ತದೆ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಕಟ್ಟುತ್ತದಲ್ಲ, ಅದೇ ಕ್ರಿಯೆ. ಮಳೆಗಾಲ ಬೇಸಿಗೆ ಹೀಗೆ ಸಾವಿರಾರು ವರ್ಷ ನಡೆದರೆ ಮರಳಿನ ಕಾಳನ್ನೂ ಒಳಗೆ ಹಾಕಿಕೊಂಡು ಉಂಡೆ ಬೆಳೆಯುತ್ತದೆ.

ಹೆಚ್ಚಿನ ಪಾಲು ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಶುದ್ಧವಾಗಿದ್ದರೆ ತೂಕದಲ್ಲಿ 40% ಕ್ಯಾಲ್ಸಿಯಂ, 12% ಇಂಗಾಲ, ಉಳಿದದ್ದು ಆಮ್ಲಜನಕ. ಜೊತೆಗೆ ಸ್ವಲ್ಪ ಮೆಗ್ನೀಸಿಯಂ, ಜೇಡಿ, ಮರಳು. ಕಪ್ಪು ಚುಕ್ಕೆ ಸಾಮಾನ್ಯವಾಗಿ ಮ್ಯಾಂಗನೀಸ್, ಕಬ್ಬಿಣದ್ದು. ಒಂದು ಉಂಡೆ ಪುಡಿ ಮಾಡಿ ನಿಂಬೆರಸ ಹಾಕಿ, ಗುಳ್ಳೆ ಏಳುತ್ತದೆ. ಬೆಣಚುಕಲ್ಲಿಗೆ ಏನೂ ಆಗಲ್ಲ.

ನಿಮ್ಮ ಕಡೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಅಲ್ವಾ, ನೀರು ಎಲ್ಲಿಯವರೆಗೆ ಇಳಿದು ಸುಸ್ತಾಗುತ್ತದೋ ಅಲ್ಲಿ ಸುಣ್ಣ ನಿಲ್ಲುತ್ತದೆ. ಮಳೆ ಕಮ್ಮಿಯಾದಷ್ಟೂ ಈ ಪದರ ಮೇಲೆ ಬರುತ್ತದೆ. ಮಲೆನಾಡಿನ ಮಳೆಗೆ ಎಲ್ಲ ತೊಳೆದು ಹೋಗುತ್ತದೆ.

ಪಾವಗಡದ ಕಡ್ಲೆಕಾಯಿ:
ಹೊಂಡದ ಮಣ್ಣನ್ನು ದಯವಿಟ್ಟು ಹೊಲಕ್ಕೆ ಹರಡಬೇಡಿ. ಸುಣ್ಣ ಜಾಸ್ತಿಯಾದರೆ ಮಣ್ಣಿನ ಪಿಎಚ್ 8 ದಾಟುತ್ತದೆ, ಕಬ್ಬಿಣ ಇದ್ದರೂ ಗಿಡಕ್ಕೆ ಸಿಗಲ್ಲ. ಕಡ್ಲೆಕಾಯಿಯ ಎಳೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ. ಹಾಗೇನಾದರೂ ಆದರೆ ಲೀಟರು ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಲವಣ, ಫೆರಸ್ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಸಿಡ್ ಸೇರಿಸಿ ಎಲೆಗೆ ಹೊಡೆಯಿರಿ. ಮಣ್ಣಿಗೆ ಹಾಕಿದರೆ ಸುಮ್ನೆ ದಂಡ, ಸುಣ್ಣ ಅದನ್ನೂ ಕಟ್ಟಿಹಾಕುತ್ತದೆ.

ಸಿರಾ ಹೊಲ:
ನಿಂಬೆರಸ ಹಾಕಿದೆ, ಬುರುಗು ಬಂತು! ಮಣ್ಣನ್ನು ಬದುವಿಗೆ ಹಾಕಿಸುತ್ತೇನೆ. ಹಾಗಾದರೆ ಈ ಉಂಡೆಗಳಿಂದ ಗೋಮಾಳದಲ್ಲಿ ಹಿಂದೆ ಹುಲ್ಲಿತ್ತಾ ಕಾಡಿತ್ತಾ ಅಂತ ಗೊತ್ತಾಗುತ್ತಾ?

ಮಣ್ಣಿನ ಮೇಷ್ಟ್ರು:
ಗೊತ್ತಾಗುತ್ತದೆ, ನನಗೆ ಇದೇ ಇಷ್ಟದ ವಿಷಯ. ಉಂಡೆಯ ಇಂಗಾಲ ಆ ಜಾಗದ ಗಿಡಗಳ ಉಸಿರಿನ ಗುರುತು ಹೊತ್ತಿರುತ್ತದೆ. ಇಂಗಾಲದಲ್ಲೇ ಸ್ವಲ್ಪ ಭಾರದ ಬಗೆ ಇಂಗಾಲ-13, ಅದು ಬಿಸಿಲುನಾಡಿನ ಹುಲ್ಲಿನಲ್ಲಿ ಮರಗಳಿಗಿಂತ ಜಾಸ್ತಿ. 1989ರಲ್ಲಿ ಕ್ವೇಡ್, ಸರ್ಲಿಂಗ್, ಬೌಮನ್ ಎಂಬ ವಿಜ್ಞಾನಿಗಳು ಪಾಕಿಸ್ತಾನದಲ್ಲಿ ಹಿಮಾಲಯದ ತಪ್ಪಲಿನ ಶಿವಾಲಿಕ್ ಮಣ್ಣು-ಕಲ್ಲಿನ ಪದರಗಳಲ್ಲಿನ ಇಂಥವೇ ಉಂಡೆ ಅಳೆದು, ಅಲ್ಲಿ ಸುಮಾರು 70 ಲಕ್ಷ ವರ್ಷದ ಹಿಂದೆ ಈ ಬಗೆಯ ಹುಲ್ಲು ಹರಡಿತು ಅಂತ ತೋರಿಸಿದರು. ನಿಮ್ಮವನ್ನು ಎಸೆಯುವ ಮೊದಲು ಯಾವ ಆಳದಲ್ಲಿ ಸಿಕ್ಕಿತು ಅಂತ ಬರೆದು ನಾಲ್ಕಾರು ಎತ್ತಿಡಿ, ಆಳ ಗೊತ್ತಿಲ್ಲದಿದ್ದರೆ ಲ್ಯಾಬಿನವರಿಗೆ ಅದರಿಂದ ಹೆಚ್ಚೇನೂ ಹೇಳಲಾಗಲ್ಲ.