ಟರ್ಕಿಗೆ ಒಗ್ಗರಣೆ

ನವೆಂಬರ್ ತಿಂಗಳ ಬುಧವಾರ, ಸಂಜೆ. ಮಾರನೇ ದಿನ ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ನ್ಯೂಜೆರ್ಸಿಯಲ್ಲಿ ಸೀನು ಮನೆಯ ಸಿಂಕಿನಲ್ಲಿ 16 ಪೌಂಡಿನ ಟರ್ಕಿ ಕೋಳಿ ತಣ್ಣೀರಲ್ಲಿ ಮುಳುಗಿ ಕೂತಿತ್ತು. ಫ್ರಿಜ್ಜಿನಲ್ಲಿಟ್ಟು ಕರಗಿಸುವುದಾದರೆ ನಾಲ್ಕೈದು ಪೌಂಡಿಗೆ ಒಂದು ದಿನ ಬೇಕು. ಭಾನುವಾರವೇ ಇಡಬೇಕಿತ್ತು, ಸೀನು ಮರೆತಿದ್ದ. ಇನ್ನು ಉಳಿದಿರುವುದು ತಣ್ಣೀರಿನ ಉಪಾಯ. ಪೌಂಡಿಗೆ ಅರ್ಧ ಗಂಟೆಯಂತೆ ಒಟ್ಟು 8 ಗಂಟೆ. ಅರ್ಧ ಗಂಟೆಗೊಂದು ಸಲ ನೀರು ಬದಲಾಯಿಸಬೇಕು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡಿದ್ದ.

"ಮೊಟ್ಟೆನೂ ಮುಟ್ಟದ ನೀನು ಕೋಳಿಗೆ ಅಭಿಷೇಕ ಮಾಡ್ತಿದ್ದೀಯಲ್ಲೋ! ರುದ್ರ ಹೇಳ್ಲಾ? ನಂಗೆ ಬಾಯಿಗೆ ಬರುತ್ತೆ" ಎಂದ ಗೆಳೆಯ ನಾಣಿ.

"ಸುಮ್ನಿರೋ. ನಾಳೆ ಒಹಾಯೋದಿಂದ ಬೀಗರು ಬರ್ತಾರೆ. ಅಳಿಯನ ಮುಖ ನೋಡಬೇಕಲ್ಲ."

ಸೀನು ಹೆಂಡತಿ ಪದ್ದಿ ಫೋನಿನಿಂದ ತಲೆ ಎತ್ತದೆ ನಾಳಿನ ಅಡುಗೆ ಹೇಳಿದಳು. ಟರ್ಕಿಗೆ ತಂದೂರಿ ಮಸಾಲೆ. ಕ್ರ್ಯಾನ್‌ಬೆರಿ ಅನ್ನುವ ಹುಳಿ ಹಣ್ಣಿಗೆ ಸಾಸಿವೆ, ಇಂಗು ಬಿದ್ದು ಗೊಜ್ಜು. ಕೋಳಿ ಹೊಟ್ಟೆಗೆ ತುಂಬುವ ಸ್ಟಫಿಂಗ್ ಬದಲು ಬ್ರೆಡ್ ಉಪ್ಪಿಟ್ಟು. ಹಿಸುಕಿದ ಆಲೂಗಡ್ಡೆಗೆ ಅರಿಶಿನ, ಹಸಿಮೆಣಸಿನಕಾಯಿ, ಒಗ್ಗರಣೆ. ಓವನ್‌ನಲ್ಲಿ ಬೇಯಿಸುವ ಬೀನ್ಸ್ ಕ್ಯಾಸರೋಲ್ ಮೇಲೆ ಕಾಯಿತುರಿ.

"ಅಂದ್ರೆ ನಾಳೆ ಮಸಾಲೆ ದೋಸೆ, ದೋಸೆ ಒಂದು ಬಿಟ್ಟು" ಎಂದ ನಾಣಿ.

"ಇದಕ್ಕೆ ಫ್ಯೂಷನ್ ಅಂತಾರೆ ನಾಣಿ. ರೀಲ್ಸ್ ನೋಡು, ಈಗ ಎಲ್ಲರ ಮನೇಲೂ ಹೀಗೇ."

"ಫ್ಯೂಷನ್ ಅಲ್ಲಮ್ಮ, ಒತ್ತುವರಿ. ಅವರು ನಮ್ಮ ಮನೆಯಿಂದ ಒಂದು ಹೆಣ್ಣು ತಗೊಂಡ್ರು. ನಾವು ಅವರ ಹಬ್ಬಾನೇ ತಗೊಂಡ್ವಿ. ನಾಳೆ ಯುಗಾದಿಗೆ ಆ ಬೀಗಿತ್ತಿ ಬೇವುಬೆಲ್ಲದ ಮೇಲೆ ಚೀಸ್ ತುರಿದು, ಟ್ವಿಸ್ಟ್ ಕೊಟ್ಟಿದೀನಿ ಅಂದ್ರೆ?"

ಪದ್ದಿ ಮುಖದಲ್ಲಿ ಬೇವು ಮಾತ್ರ ಕಾಣಿಸಿತು.

ಗುರುವಿಗೆ ಇಂಥ ಕಡೆ ಸುಮ್ಮನಿರಲು ಬರುವುದಿಲ್ಲ. "ಯಾವ ಹಬ್ಬ, ಯಾವ ಸಂಪ್ರದಾಯ? 1621ರಲ್ಲಿ ಪ್ಲಿಮತ್‌ನಲ್ಲಿ ಈ ಹಬ್ಬದ ಮೊದಲ ಊಟ ಆಯ್ತು ಅಂತಾರಲ್ಲ, ಅವತ್ತು ಆಲೂಗಡ್ಡೆ ಇರಲಿಲ್ಲ, ಪೈ ಇರಲಿಲ್ಲ. ಅಲ್ಲಿನ ಮೂಲನಿವಾಸಿ ವಾಂಪನೋಗ್ ಜನ 5 ಜಿಂಕೆ ತಂದಿದ್ರು. ಟರ್ಕಿ ಇತ್ತು ಅಂತಾನೂ ಗ್ಯಾರಂಟಿ ಇಲ್ಲ. ನಿನ್ನ ಬೀನ್ಸ್ ಕ್ಯಾಸರೋಲ್ ಹುಟ್ಟಿದ್ದು 1955ರಲ್ಲಿ, ಡಬ್ಬಿ ಸೂಪ್ ಮಾರೋ ಕಂಪನಿ ಅಡುಗೆಮನೇಲಿ!"

"ಆದ್ರೇನು?" ಎಂದ ನಾಣಿ. "ಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿದ್ರು ಅಂತಾರೆ. ಅದರ ಮೇಲಿನ ಗೋಡಂಬಿ ಸ್ವಲ್ಪ ಆಚೀಚೆ ಆದ್ರೂ ನೀನು ಮಾಣಿನ ಕರೆದು ಜಗಳ ಆಡ್ತೀಯ. ಒಂದೇ ತಿಂಡಿನ ಎರಡು ತಲೆಮಾರು ಜಗಳ ಆಡ್ಕೊಂಡು ತಿಂದ್ರೆ ಅದು ಸಂಪ್ರದಾಯ ಕಣೋ."

ಅಲಾರಂ ಹೊಡೆಯಿತು. ಸೀನು ಮೂಗು ಮುಚ್ಚಿಕೊಂಡು ನೀರು ಬದಲಾಯಿಸಿದ.

ಗುರುವಿನ ಹೆಂಡತಿ ಮಾರಿಸೋಲ್ ಮೆಕ್ಸಿಕೋದ ಪ್ಯೂಬ್ಲಾದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವುದು ಮಾತ್ರ ಗುರುವನ್ನು ಬೈಯುವಾಗ. ಇಷ್ಟು ಹೊತ್ತು ನಗುತ್ತಾ ಕೂತಿದ್ದವಳು ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಗುರು ವಕೀಲನ ಹಾಗೆ ಗಂಟಲು ಸರಿ ಮಾಡಿಕೊಂಡ.

"ಇವಳು ಹೇಳ್ತಾಳೆ, ಈ ಕೋಳಿನ ಮೊದಲು ಸಾಕಿದ್ದೇ ಮೆಕ್ಸಿಕೋದಲ್ಲಿ. ಮೆಣಸಿನಕಾಯಿನೂ ಅವರದೇ, ಪೋರ್ಚುಗೀಸರು ನಮಗೆ ತಂದು ಕೊಟ್ಟಿದ್ದು. ಅವರೂರಲ್ಲಿ ಹಬ್ಬ ಅಂದ್ರೆ ಒಣಮೆಣಸಿನಕಾಯಿ ಅರೆದು ಮೋಲೆ ಅಂತ ಗೊಜ್ಜು ಮಾಡಿ ಟರ್ಕಿ ಮೇಲೆ ಸುರೀತಾರೆ. ಪದ್ದಿ ಮಾಡ್ತಿರೋದು ಫ್ಯೂಷನ್ ಅಲ್ಲ, ಹಕ್ಕಿನ ಅದರ ತವರುಮನೆಗೆ ಕಳಿಸ್ತಿದ್ದಾಳೆ ಅಂತೆ."

ಪದ್ದಿ ಗೆದ್ದವಳ ಹಾಗೆ ನೋಡಿದಳು. ನಾಣಿಗೂ ಒಂದು ಕ್ಷಣ ಮಾತು ಹೊರಡಲಿಲ್ಲ.

"ಮತ್ತೆ ಟರ್ಕಿ ಅಂತ ಯಾಕೆ ಹೆಸರು?" ಸೀನು ಕೈ ಒರೆಸಿಕೊಳ್ಳುತ್ತಾ ಕೇಳಿದ.

"ಇಂಗ್ಲಿಷ್‌ನವರು ತುರ್ಕಿಯದು ಅನ್ಕೊಂಡ್ರು. ತುರ್ಕಿಯವರು ಇಂಡಿಯಾದ್ದು ಅನ್ಕೊಂಡ್ರು. ಅವರ ಭಾಷೇಲಿ ಇದಕ್ಕೆ ಹಿಂದಿ ಅಂತಾನೇ ಹೆಸರು" ಎಂದ ಗುರು.

ನಾಣಿ ಕುರ್ಚಿಯಿಂದ ಎದ್ದೇ ಬಿಟ್ಟ. "ಬೆಂಗಳೂರು ಬಿಟ್ಟು ಇಷ್ಟು ದೂರ ಬಂದ್ರೂ, ಸಿಂಕಲ್ಲೂ ಹಿಂದಿ ಹೇರಿಕೆನಾ!"

ನಗು ನಿಲ್ಲಲು ಹೊತ್ತು ಹಿಡಿಯಿತು. ಕಾಫಿ ಬಂತು. ಪದ್ದಿ ಲೋಟ ಕೊಡುತ್ತಾ, "ನೀನು ಏನಾದ್ರೂ ಅನ್ನು, ಹೋದ ವರ್ಷ ಬೀಗಿತ್ತಿ ನನ್ನ ಗೊಜ್ಜು ತಿಂದು ಎರಡು ಸಲ ವಾವ್ ಅಂದ್ರು" ಎಂದಳು.

"ಅಂದ್ರು. ಮೂರು ಲೋಟ ನೀರೂ ಕುಡಿದ್ರು." ನಾಣಿ ಕಾಫಿ ಊದಿದ. "ಊಟ ಆದ್ಮೇಲೆ ನಾನು ತಟ್ಟೆ ಇಡೋಕೆ ಇಲ್ಲಿಗೆ ಬಂದೆ. ಆಯಮ್ಮ ಇಲ್ಲೇ, ಸಿಂಕ್ ಪಕ್ಕ ಒಬ್ಬರೇ ನಿಂತಿದ್ರು. ಬ್ಯಾಗಿಂದ ಒಂದು ಕ್ರ್ಯಾನ್‌ಬೆರಿ ಜೆಲ್ಲಿ ಡಬ್ಬಿ ತೆಗೆದು ತಟ್ಟೆ ಮೇಲೆ ಬೋರಲು ಹಾಕಿದ್ರು. ಪಳಕ್ ಅಂತ ಡಬ್ಬಿ ಆಕಾರದಲ್ಲೇ ನಿಂತ್ಕೊಳ್ತು, ಡಬ್ಬಿಯ ಗೆರೆಗಳ ಸಮೇತ. ಗೆರೆ ಮೇಲೆ ಚಾಕು ಇಟ್ಟು ಒಂದು ಬಿಲ್ಲೆ ಕೊಯ್ದು, ನಿಂತ್ಕೊಂಡೇ ತಿಂದ್ರು. ನನ್ನ ನೋಡಿ ಬೆಣ್ಣೆ ಕದ್ದವರ ಹಾಗೆ ನಕ್ಕು, ನಮ್ಮಮ್ಮ ಹೀಗೇ ಗೆರೆ ಹಿಡಿದು ಕೊಯ್ತಿದ್ಲು ಅಂದ್ರು. ನಂಗೂ ಒಂದು ಬಿಲ್ಲೆ ಕೊಟ್ರು."

"ಹೇಗಿತ್ತು?" ಸೀನು ಕೇಳಿದ.

"ಕೆಮ್ಮಿನ ಔಷಧಿ ಗಟ್ಟಿ ಆದ ಹಾಗೆ. ಆದ್ರೆ ಅದನ್ನ ತಿನ್ನೋವಾಗ ಅವರ ಮುಖ ನೋಡಬೇಕಿತ್ತು ನೀನು."

ಯಾರೂ ಮಾತಾಡಲಿಲ್ಲ. ಸಿಂಕಿನಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು.

"ಆಗಲೇ ನಂಗೆ ಹೇಳಬಾರದಿತ್ತಾ?" ಪದ್ದಿ ದನಿ ಸಣ್ಣದಾಗಿತ್ತು.

"ಹೇಳಿದ್ರೆ ಈ ಸಲ ಆ ಡಬ್ಬಿಗೂ ಸಾಸಿವೆ ಹಾಕ್ತಿದ್ದೆ."

ಪದ್ದಿ ಫೋನಿನಲ್ಲಿ ಗಂಟೆ ನೋಡಿದಳು. "ರೀ, ಅಂಗಡಿ ಇನ್ನೂ ತೆಗೆದಿರುತ್ತೆ. ಎರಡು ಡಬ್ಬಿ ತನ್ನಿ. ಜೆಲ್ಲಿದೇ ತನ್ನಿ, ಇಡೀ ಹಣ್ಣಿಂದು ಬೇಡ. ಗೊಜ್ಜಂತೂ ನಾನು ಮಾಡೇ ಮಾಡ್ತೀನಿ, ಅದು ಬೇರೆ ವಿಷಯ."

ಸೀನು ಕಾರಿನ ಕೀ ಹುಡುಕುತ್ತಾ ಹೊರಟ. ಅಷ್ಟರಲ್ಲಿ ಅಲಾರಂ. ಎಲ್ಲರೂ ನಾಣಿಯ ಕಡೆ ನೋಡಿದರು.

"ನಾನಾ? ನಾನು ಕಾಫಿಗೆ ಬಂದವನು!"

"ರುದ್ರ ಬಾಯಿಗೆ ಬರುತ್ತೆ ಅಂದ್ಯಲ್ಲ" ಎಂದಳು ಪದ್ದಿ. "ತೋಳು ಮಡಚು."